ಗ್ರೈಂಡರ್ ಹಚ್ಚುವ ಮುಂಚೆ ಆರ್‌ಸಿ ಬುಕ್ ತೆಗೆಯಿರಿ
ಓದುಗರ ಪ್ರಶ್ನೋತ್ತರ: ಹಳೇ ಮೋಟಾರ್ ಸೈಕಲ್

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಜಾವಾ, ಯೆಜ್ಡಿ, ಬುಲೆಟ್, ರಾಜದೂತ್‌ಗಳದ್ದೇ ಮಾತು. ಅರ್ಧದಷ್ಟು ಪತ್ರ ಆರ್‌ಟಿಓ ಕೆಲಸದ ಬಗ್ಗೆ, ಉಳಿದರ್ಧ ಇಂಜಿನ್ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ತಂದೆಯವರ 1969ರ ಜಾವಾ 250 ಮನೆಯಲ್ಲಿದೆ. ತಂದೆ ತೀರಿಕೊಂಡು ಆರು ವರ್ಷವಾಯಿತು. ಆರ್‌ಸಿ ಬುಕ್ ಇನ್ನೂ ಅವರ ಹೆಸರಲ್ಲೇ ಇದೆ, ರಿನ್ಯೂವಲ್ 2004ಕ್ಕೇ ಮುಗಿದಿದೆ. ಗ್ಯಾರೇಜಿನವರು ಪೂರ್ತಿ ಬಿಚ್ಚಿ ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ ಪೇಂಟ್ ಹೊಡೆಸೋಣ ಅಂತಿದ್ದಾರೆ. ಯಾವುದರಿಂದ ಶುರು ಮಾಡಲಿ?
— ಜಗಳೂರಿನ ಓದುಗರು

ಉತ್ತರ: ಪೇಂಟು ಕೊನೆಗೆ. ಮೊದಲು ಕಾಗದ. ಚಾಸಿ ಮೇಲೆ ಕೊರೆದಿರುವ ನಂಬರೇ ನಿಮ್ಮ ಗಾಡಿಯ ಜೀವ. ಐವತ್ತು ವರ್ಷ ಉಳಿದುಕೊಂಡು ಬಂದ ಆ ಅಂಕಿಗಳನ್ನು ಸ್ಯಾಂಡ್‌ಬ್ಲಾಸ್ಟ್ ಗನ್ನು ಎರಡು ನಿಮಿಷದಲ್ಲಿ ಅಳಿಸಿಬಿಡುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಳಿಸಿಹೋದ ಮೇಲೆ ಅಚ್ಚು ಹಾಕುವ ಅಂಗಡಿಯಲ್ಲಿ ಹೊಸದಾಗಿ ಹೊಡೆಸಿಕೊಂಡರೆ ಅದು ನಂಬರ್ ತಿದ್ದಿದ ಗಾಡಿ ಎಂದೇ ಲೆಕ್ಕ. ಆಗ ವಿಷಯ ಆರ್‌ಟಿಓ ದಾಟಿ ಪೊಲೀಸ್ ಠಾಣೆಗೆ ಹೋಗುತ್ತದೆ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಹ್ಯಾಂಡಲ್ ಕೆಳಗೆ, ಸ್ಟೀರಿಂಗ್ ಹೆಡ್ ಮೇಲೆ ಚಾಸಿ ನಂಬರ್ ಇರುತ್ತದೆ. ಅಲ್ಲಿನ ಗ್ರೀಸು, ಹಳೇ ಬಣ್ಣವನ್ನು ಥಿನ್ನರ್ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ. ವೈರ್ ಬ್ರಷ್, ಎಮರಿ ಪೇಪರ್ ಹಾಕಲೇಬೇಡಿ. ತೆಳು ಬಿಳಿ ಕಾಗದವನ್ನು ನಂಬರಿನ ಮೇಲೆ ಬಿಗಿಯಾಗಿ ಒತ್ತಿ ಹಿಡಿದು, ಮೆತ್ತನೆ ಪೆನ್ಸಿಲನ್ನು ಮಲಗಿಸಿ ಒಂದೇ ದಿಕ್ಕಿಗೆ ಉಜ್ಜಿ. ಕಪ್ಪಿನ ನಡುವೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಅಂಥ ನಾಲ್ಕು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಇಂಜಿನ್ ಕೇಸಿನ ಮೇಲಿನ ನಂಬರಿಗೂ ಹೀಗೇ ಮಾಡಿ, ಎರಡನ್ನೂ ಆರ್‌ಸಿ ಬುಕ್ಕಿನ ಜೊತೆ ಒಂದೊಂದೇ ಅಂಕಿ ಹೋಲಿಸಿ ನೋಡಿ. ಹಳೇ ಬುಕ್ಕುಗಳು ಕೈಬರಹದವು. 1 ಮತ್ತು 7, 3 ಮತ್ತು 8 ಅದಲುಬದಲಾಗಿರುವುದು ಎಷ್ಟೋ ಇದೆ. ಗಾಡಿ ಬಿಚ್ಚುವುದಕ್ಕೆ ಮುಂಚೆ ಕಂಡರೆ ಅದು ತಿದ್ದಬಹುದಾದ ತಪ್ಪು.

ಇನ್ನು ಆರ್‌ಟಿಓ ಕೆಲಸ. ಗಾಡಿ ಮೊದಲು ರಿಜಿಸ್ಟ್ರಿಯಾದ ಕಚೇರಿಯಲ್ಲಿ ಬಿ-ಎಕ್ಸ್‌ಟ್ರ್ಯಾಕ್ಟ್, ಅಂದರೆ ಅಲ್ಲಿನ ನೋಂದಣಿ ದಾಖಲೆಯ ನಕಲು ಕೇಳಿ. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ನಿಮ್ಮ ಗಾಡಿ ಅದಕ್ಕಿಂತ ಎಷ್ಟೋ ಹಿಂದಿನದು. ಹಾಗಾಗಿ ಇಂದಿನ ಜಿಲ್ಲೆ ನೋಡಿಕೊಂಡು ಹೊರಡಬೇಡಿ, ಬುಕ್ಕಿನ ಮೇಲಿರುವ ಕಚೇರಿ ಸೀಲು ನೋಡಿ ಹೋಗಿ. ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರುಗಳು ಆರ್‌ಟಿಓದವರ ವಾಹನ್ ತಂತ್ರಾಂಶದಲ್ಲಿ ಸಿಗದಿದ್ದರೆ, ಬುಕ್ಕು ಮತ್ತು ಬಿ-ಎಕ್ಸ್‌ಟ್ರ್ಯಾಕ್ಟ್ ತೋರಿಸಿ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವುದು) ಮಾಡಿಸಬೇಕು. ಇದಾಗದೆ ಮುಂದಿನ ಯಾವ ಅರ್ಜಿಯೂ ಆನ್‌ಲೈನ್‌ನಲ್ಲಿ ಏರುವುದಿಲ್ಲ.

ಆಮೇಲೆ ಹೆಸರು ಬದಲಾವಣೆ. ಮಾಲೀಕರು ತೀರಿಕೊಂಡಿದ್ದರೆ ಹಾಕಬೇಕಾದ್ದು ಫಾರಂ 31. ಏಜೆಂಟರು 29, 30 ತುಂಬಿಸಲು ಬಂದರೆ ಒಪ್ಪಬೇಡಿ. ಅವು ಬದುಕಿರುವವರು ಮಾರುವಾಗಿನ ಫಾರಂಗಳು, ತೀರಿಕೊಂಡವರ ಸಹಿ ಅದರಲ್ಲಿ ಬಂದರೆ ಅದು ಫೋರ್ಜರಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಅಥವಾ ವಾರಸುದಾರರ ಪ್ರಮಾಣಪತ್ರ, ತಾಯಿ ಮತ್ತು ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆಯ ಅಫಿಡವಿಟ್ ಜೊತೆಗಿರಲಿ. ಮೂರು ತಿಂಗಳೊಳಗೆ ಹಾಕಬೇಕಾಗಿದ್ದ ಅರ್ಜಿ ಇದು, ತಡಕ್ಕೆ ದಂಡ ಬೀಳುತ್ತದೆ. ಕಟ್ಟಿಬಿಡಿ.

ಕೊನೆಗೆ ರಿನ್ಯೂವಲ್: ಫಾರಂ 25. ಸ್ವಂತ ಬಳಕೆಯ ಬೈಕಿಗೆ ಮೊದಲು 15 ವರ್ಷ, ಆಮೇಲೆ 5-5 ವರ್ಷಕ್ಕೊಮ್ಮೆ. 2022ರ ಏಪ್ರಿಲ್ 1ರಿಂದ ಬೈಕಿನ ರಿನ್ಯೂವಲ್ ಶುಲ್ಕ 1,000 ರೂಪಾಯಿ ಆಗಿತ್ತು. 2025ರ ಆಗಸ್ಟ್ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಬೈಕಿಗೆ 2,000 ಮಾಡಿದ್ದಾರೆ. ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿ ಬೇರೆ, ಜೊತೆಗೆ ಹಸಿರು ತೆರಿಗೆ. ನಿಮ್ಮದು 2004ರಿಂದ ಬಾಕಿ ಇರುವುದರಿಂದ ಒಟ್ಟು ಎಷ್ಟಾಗುತ್ತದೆಂದು ಕೌಂಟರಿನಲ್ಲಿ ಬರೆಸಿಕೊಂಡೇ ಮುಂದಿನ ಖರ್ಚಿಗೆ ಇಳಿಯಿರಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಎರಡೂ ಚಾಲ್ತಿಯಲ್ಲಿರಬೇಕು. 2019ರ ಏಪ್ರಿಲ್ 1ಕ್ಕಿಂತ ಹಳೆಯ ವಾಹನಗಳಿಗೂ ಕರ್ನಾಟಕದಲ್ಲಿ ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ) ನಂಬರ್ ಪ್ಲೇಟ್ ಕಡ್ಡಾಯ.

ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸುವ ದಿನ ಎರಡೂ ಬ್ರೇಕ್, ಹಾರನ್, ಹೆಡ್‌ಲೈಟಿನ ಡಿಮ್ಮು-ಡಿಪ್ಪು, ಹಿಂದಿನ ಕೆಂಪು ದೀಪ, ಕನ್ನಡಿ ಸರಿ ಇರಲಿ. ಬಣ್ಣ ಮಾಸಿದ್ದರೆ ಯಾರೂ ಕೇಳುವುದಿಲ್ಲ. ಬುಕ್ಕಿನಲ್ಲಿ ಮರೂನ್ ಎಂದಿದ್ದು ಗಾಡಿ ಕರಿಯಾಗಿ ನಿಂತಿದ್ದರೆ ಖಂಡಿತ ಕೇಳುತ್ತಾರೆ. ಪೇಂಟ್ ಕೊನೆಗೆ ಅಂದದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನನ್ನ ಹತ್ತಿರ 1972ರ ಬುಲೆಟ್ ಇದೆ. ‘ವಿಎ’ ಅಂತ ವಿಂಟೇಜ್ ನಂಬರ್ ಕೊಡುತ್ತಾರಂತೆ. ತೆಗೆದುಕೊಳ್ಳಲೇ? ತಮ್ಮನ ಯೆಜ್ಡಿ ರೋಡ್‌ಕಿಂಗ್‌ಗೂ ಸಿಗುತ್ತದೆಯೇ?
— ಚಿತ್ರದುರ್ಗದ ಓದುಗರು

ಉತ್ತರ: ವಾರಕ್ಕೊಮ್ಮೆಯಾದರೂ ಓಡಿಸುವ ಆಸೆ ಇದ್ದರೆ ಬೇಡ.

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಭಾಗ ಸೇರಿತು. ಮೊದಲ ರಿಜಿಸ್ಟ್ರೇಷನ್ ದಿನದಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಅರ್ಜಿ ಫಾರಂ 20ರಲ್ಲಿ. ಜೊತೆಗೆ ಇನ್ಶೂರೆನ್ಸ್, ಹಳೇ ಆರ್‌ಸಿ, ವಿದೇಶದಿಂದ ತರಿಸಿದ್ದಾದರೆ ಬಿಲ್ ಆಫ್ ಎಂಟ್ರಿ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಮುಂದೆ ಮರುನೋಂದಣಿಗೆ 5,000. ಸರ್ಟಿಫಿಕೇಟ್ 10 ವರ್ಷಕ್ಕೆ. ನಂಬರು ‘ಕೆಎ ವಿಎ’ ಎಂದು ಶುರುವಾಗಿ ಎರಡು ಅಕ್ಷರ, ನಾಲ್ಕು ಅಂಕಿಯಲ್ಲಿ ಮುಗಿಯುತ್ತದೆ. ಈಗಾಗಲೇ ರಿಜಿಸ್ಟ್ರಿಯಾದ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು, ಬದಲಿಸಲೇಬೇಕು ಎಂದಿಲ್ಲ.

ಇದರ ಷರತ್ತನ್ನು ಓದದೆ ದುಡ್ಡು ಕಟ್ಟುವವರೇ ಹೆಚ್ಚು. ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಷ್ಟಕ್ಕೇ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ. ಭಾನುವಾರ ಬೆಳಿಗ್ಗೆ ಜೋಗಿಮಟ್ಟಿಗೆ ಹೋಗಿ ಬರುವುದು, ಬೆಣ್ಣೆದೋಸೆಗೆಂದು ದಾವಣಗೆರೆ ತನಕ ಬಿಡುವುದು ಈ ಪಟ್ಟಿಯಲ್ಲಿಲ್ಲ. ನಿಮ್ಮ ಬುಲೆಟ್ಟಿಗೆ ಚಾಲ್ತಿಯ ಆರ್‌ಸಿ ಇದ್ದರೆ ಐದೈದು ವರ್ಷದ ಸಾಮಾನ್ಯ ರಿನ್ಯೂವಲ್‌ನಲ್ಲೇ ಮುಂದುವರಿಸಿ. ಖರ್ಚೂ ಕಡಿಮೆ, ಓಡಾಟಕ್ಕೆ ಅಡ್ಡಿಯೂ ಇಲ್ಲ. ವಿದೇಶದಿಂದ ಬಂದ, ಇಲ್ಲಿ ರಿಜಿಸ್ಟ್ರಿಯೇ ಆಗದ ಗಾಡಿಯಾಗಿದ್ದರೆ ಮಾತು ಬೇರೆ, ಅಂಥದ್ದಕ್ಕೆ ಈ ದಾರಿ ನಿಜವಾಗಿ ಉಪಯೋಗ.

ರೋಡ್‌ಕಿಂಗ್ ಬಂದದ್ದೇ 1978ರಲ್ಲಿ. ಅತಿ ಹಳೆಯ ರೋಡ್‌ಕಿಂಗ್‌ಗೂ 50 ತುಂಬುವುದು 2028ಕ್ಕೆ. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100ಕ್ಕೆ 2035. ಊರಲ್ಲಿ ಎಲ್ಲದಕ್ಕೂ ವಿಂಟೇಜ್ ಅನ್ನುತ್ತೇವೆ, ಕಾನೂನು ತಾರೀಕು ನೋಡುತ್ತದೆ.

ಪ್ರಶ್ನೆ: ಎಂಟು ತಿಂಗಳು ನಿಂತಿದ್ದ ಯೆಜ್ಡಿ. ಟ್ಯಾಂಕಿನೊಳಗೆ ತುಕ್ಕು. ಕಾರ್ಬೊರೇಟರ್ ಎರಡು ಸಲ ಕ್ಲೀನ್ ಮಾಡಿಸಿದೆ, ಮತ್ತೆ ಹತ್ತು ಕಿಲೋಮೀಟರಿಗೆ ಬಂದ್ ಆಗುತ್ತದೆ. ಈಗಿನ ಪೆಟ್ರೋಲೇ ಸರಿಯಿಲ್ಲ ಅಂತಾರೆ, ಹೌದೇ?
— ದಾವಣಗೆರೆ, ಪಿ.ಬಿ. ರಸ್ತೆ ಕಡೆಯ ಓದುಗರು

ಉತ್ತರ: ಪೆಟ್ರೋಲಿನದ್ದೂ ಪಾಲಿದೆ, ಆದರೆ ಕಾರ್ಬೊರೇಟರ್ ಮಾತ್ರ ತೊಳೆದು ಟ್ಯಾಂಕ್ ಬಿಟ್ಟಿದ್ದೇ ಮೂಲ ತಪ್ಪು. ತುಕ್ಕಿನ ಪುಡಿ ಮೇಲಿಂದ ಇಳಿಯುತ್ತಲೇ ಇದೆ.

ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರಿನಂಶ ಒಂದು ಹಂತ ದಾಟಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಕೂರುತ್ತವೆ. ತುಕ್ಕು ಹಿಡಿಯುವುದು ಅಲ್ಲೇ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್ ಬಿಚ್ಚಿ ನೋಡಿ: ತಳದಲ್ಲಿ ಸುಣ್ಣದಂಥ ಬಿಳಿ ಪುಡಿ ಹತ್ತಿದ್ದರೆ, ಅದು ಸತುವಿನ ಎರಕದ ಬೌಲನ್ನು ಈ ನೀರು ತಿಂದ ಗುರುತು. ಹಳೇ ಪೆಟ್ರೋಲ್ ಕಾಕಿನ ಬೆಂಡಿನ ವಾಷರ್, ಹಳೇ ರಬ್ಬರ್ ಪೈಪ್ ಕೂಡ ಎಥನಾಲಿಗೆ ಊದಿ, ಬಿರುಕು ಬಿಟ್ಟು ಚೂರಾಗುತ್ತವೆ. ಪೈಪ್ ಬದಲಿಸುವಾಗ ವೈಟಾನ್ ರಬ್ಬರಿನದ್ದೇ ಕೇಳಿ ಹಾಕಿಸಿ.

ಟ್ಯಾಂಕ್ ತೊಳೆಯಲು ಆಸಿಡ್ ಅಂಗಡಿಗೆ ಹೋಗಬೇಕಿಲ್ಲ. ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಸಾಕು. ಟ್ಯಾಂಕ್ ಇಳಿಸಿ ಪೆಟ್ರೋಲ್ ಪೂರ್ತಿ ತೆಗೆದು, ಸೋಪಿನ ನೀರಿನಲ್ಲಿ ಎರಡು ಸಲ ಗಲಬರಿಸಿ. ಜಿಡ್ಡು ಉಳಿದರೆ ಆಸಿಡ್ ತುಕ್ಕನ್ನು ಮುಟ್ಟುವುದಿಲ್ಲ. ಕಾಕ್ ಬಿಚ್ಚಿ ಆ ತೂತಿಗೆ ಬೋಲ್ಟು-ವಾಷರ್ ಹಾಕಿ ಮುಚ್ಚಿ. ತುಕ್ಕು ದಪ್ಪವಾಗಿದ್ದರೆ ಒಂದು ಹಿಡಿ ಸಣ್ಣ ನಟ್ಟು ಹಾಕಿ ಕುಲುಕಿ. ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಆಮೇಲೆ ಲೀಟರ್ ಬಿಸಿನೀರಿಗೆ 50ರಿಂದ 60 ಗ್ರಾಂ ನಿಂಬೆ ಉಪ್ಪು ಕರಗಿಸಿ ಕುತ್ತಿಗೆ ತನಕ ತುಂಬಿ, ರಾತ್ರಿಯಿಡೀ ಬಿಡಿ. ಹೊರಗಿನ ಪೇಂಟಿನ ಮೇಲೆ ಚೆಲ್ಲಿದರೆ ಆಗಲೇ ನೀರು ಹಾಕಿ ಒರೆಸಿ. ಬೆಳಿಗ್ಗೆ ನೀರು ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಚೆಲ್ಲಿ, ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿದ ನೀರಿನಿಂದ ತೊಳೆದು, ಕೊನೆಗೆ ಬರೀ ನೀರು.

ಇಲ್ಲಿಂದಾಚೆಗೆ ಅವಸರವಿರಲಿ. ಹಸಿ ಕಬ್ಬಿಣ ಹತ್ತೇ ನಿಮಿಷದಲ್ಲಿ ಮತ್ತೆ ಕೆಂಪಾಗುತ್ತದೆ. ಬ್ಲೋವರ್ ಹಿಡಿದು ಒಣಗಿಸಿ, ಕೂಡಲೇ 100 ಮಿಲಿ 2ಟಿ (ಟೂ ಸ್ಟ್ರೋಕ್) ಆಯಿಲ್ ಸುರಿದು ಎಲ್ಲ ಮೂಲೆಗೂ ತಾಗುವಂತೆ ಹೊರಳಿಸಿ. ಸಣ್ಣ ತೂತು ಕಂಡರೆ ಎಂ-ಸೀಲ್ ಮೆತ್ತಬೇಡಿ, ಈ ಪೆಟ್ರೋಲಿಗೆ ಅದು ನಿಲ್ಲುವುದಿಲ್ಲ. ಬ್ರೇಜಿಂಗ್ ಮಾಡಿಸಿ. ಆದರೆ ಪೆಟ್ರೋಲ್ ಆವಿ ಉಳಿದ ಟ್ಯಾಂಕಿಗೆ ಬೆಂಕಿ ಹಿಡಿದರೆ ಅದು ಸಿಡಿಯುತ್ತದೆ. ಸೋಪಿನಲ್ಲಿ ತೊಳೆದು, ತೂತಿನ ಮಟ್ಟಕ್ಕೆ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿಸಿಯೇ ಕೆಲಸಕ್ಕೆ ಕೊಡಿ. ವೆಲ್ಡರ್ ‘ಏನೂ ಆಗಲ್ಲ ಬಿಡಿ’ ಅಂದರೂ ಬಿಡಬೇಡಿ.

ಜೆಟ್, ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಿನ ತುಂಡು, ಅದರ ವಿಷಯವೂ ಇದೆ. ಒಂದು ಪಾಲು ಬರೀ ಪೆಟ್ರೋಲ್ ಉರಿಯಲು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಶೇ. 20 ಮಿಶ್ರಣಕ್ಕೆ 13.5ರ ಆಸುಪಾಸು. ಹಳೇ ಜೆಟ್ಟಿನಲ್ಲೇ ಓಡಿಸಿದರೆ ಗಾಳಿ ಹೆಚ್ಚಾಗಿ ಇಂಜಿನ್ ಕಾಯುತ್ತದೆ. ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಿ, ಒಂದು ಕಿಲೋಮೀಟರ್ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಅಲ್ಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ. ಹುರಿದ ಕಾಫಿಬೀಜದ ಬಣ್ಣ ಸರಿ. ಬೂದಿಯಂತೆ ಬೆಳ್ಳಗಿದ್ದರೆ ಇನ್ನೂ ಒಂದು ಸೈಜು. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಬೌಲ್ ಖಾಲಿ ಮಾಡಿ, ಟ್ಯಾಂಕನ್ನು ಪೂರ್ತಿ ತುಂಬಿಸಿಡಿ, ಇಲ್ಲವೇ ಪೂರ್ತಿ ಖಾಲಿ ಮಾಡಿ ಆಯಿಲ್ ಸವರಿಡಿ. ಅರ್ಧ ಟ್ಯಾಂಕ್ ಬಿಡುವುದೇ ಕೆಡುಕು.

ಪ್ರಶ್ನೆ: ಜಾವಾ 250ಕ್ಕೆ ಬೋರ್ ಹೊಡೆಸಿ ಹೊಸ ಪಿಸ್ಟನ್ ಹಾಕಿಸಿದೆ. ಹೈವೇಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಪಿಸ್ಟನ್ ಹಿಡಿದುಕೊಂಡು ಸೀಜ್. ಬೋರಿನವರು ಮೆಕ್ಯಾನಿಕ್ ಮೇಲೆ ಹಾಕುತ್ತಾರೆ, ಮೆಕ್ಯಾನಿಕ್ ಆಯಿಲ್ ಮೇಲೆ ಹಾಕುತ್ತಾರೆ. ಯಾರದು ತಪ್ಪು?
— ಹರಿಹರದ ಓದುಗರು

ಉತ್ತರ: ಪಿಸ್ಟನ್ನೇ ಹೇಳುತ್ತದೆ. ಬಿಚ್ಚಿ ಬೆಳಕಿಗೆ ಹಿಡಿಯಿರಿ.

ಸುತ್ತ ನಾಲ್ಕು ಕಡೆ ಉದ್ದುದ್ದ ಗೀರು ಇದ್ದರೆ ಬೋರ್ ಬಿಗಿ, ಅಥವಾ ತಣ್ಣಗಿದ್ದ ಇಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ಎಳೆದಿದ್ದು. ಸೈಲೆನ್ಸರ್ ಕಡೆ ಮಾತ್ರ ಗೀರಿದ್ದರೆ ಅತಿಯಾಗಿ ಕಾದಿದೆ: ಸಣ್ಣ ಜೆಟ್, ಎಲ್ಲೋ ಹೊರಗಿನ ಗಾಳಿ ಎಳೆಯುತ್ತಿದೆ, ಇಲ್ಲವೇ ಟೈಮಿಂಗ್ ಮುಂದಿದೆ (ಕಿಡಿ ಬೇಗ ಬರುತ್ತಿದೆ). ಕಾರ್ಬೊರೇಟರ್ ಕಡೆ ಮಾತ್ರ ಮಂಕಾದ ಗೀರಿದ್ದರೆ ಧೂಳು ಒಳಗೆ ಹೋಗಿದೆ ಅಥವಾ ಆಯಿಲ್ ಸಾಲಲಿಲ್ಲ.

ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಊರು ನಿಮ್ಮದು. ನೂರನೇ ಒಂದು ಮಿಲಿಮೀಟರ್ ಲೆಕ್ಕದ ಮಾತು ಅರ್ಥವಾಗುವ ಕೈಗಳು ಹರಿಹರದಲ್ಲಿ ಇನ್ನೂ ಇವೆ. ಅಂಥವರ ಹತ್ತಿರ ಹೋಗಿ ‘0.25 ಓವರ್‌ಸೈಜ್ ಬೋರ್ ಮಾಡಿ’ ಅಂತಷ್ಟೇ ಹೇಳಬೇಡಿ. ಪಿಸ್ಟನ್ ಮೊದಲು ಕೊಂಡು ಕೈಗೆ ಕೊಡಿ. ಜಾವಾದ ಸ್ಟ್ಯಾಂಡರ್ಡ್ ಬೋರ್ 65 ಮಿ.ಮೀ., ಸ್ಟ್ರೋಕ್ 75. ಪಿಸ್ಟನ್‌ಗಳು 0.25ರಂತೆ ಏರುತ್ತಾ ಬರುತ್ತವೆ. ಡಬ್ಬಿಯ ಮೇಲಿನ ಸೈಜ್ ನಂಬದೆ, ಆ ಪಿಸ್ಟನ್ನನ್ನೇ ಪಿನ್ನಿಗೆ ಅಡ್ಡವಾಗಿ, ಸ್ಕರ್ಟಿನ ಕೆಳಭಾಗದಲ್ಲಿ ಮೈಕ್ರೋಮೀಟರ್ ಹಿಡಿದು ಅಳೆದು, ಅದರ ಮೇಲೆ 0.06ರಿಂದ 0.08 ಮಿ.ಮೀ. ಸಂದು ಬಿಟ್ಟು ಹೋನ್ ಮಾಡಬೇಕು (ಕಲ್ಲಿನಿಂದ ಉಜ್ಜಿ ನಯ ಮಾಡಬೇಕು). ಅಂಗಡಿ ಭಾಷೆಯಲ್ಲಿ ಎರಡೂವರೆಯಿಂದ ಮೂರು ಥೌ (ಇಂಚಿನ ಸಾವಿರದ ಒಂದು ಭಾಗಕ್ಕೆ ಒಂದು ಥೌ). ಈಚಿನ ಸಣ್ಣ ಬೈಕುಗಳ ಅಲ್ಯೂಮಿನಿಯಂ ಬ್ಲಾಕಿಗೆ ಬಿಡುವ ಬಿಗಿ ಲೆಕ್ಕವನ್ನು ಈ ಎರಕದ ಕಬ್ಬಿಣದ ಬ್ಲಾಕಿಗೂ ಹಾಕಿದರೆ ನಿಮಗಾದ ಹಾಗೇ ಆಗುತ್ತದೆ.

ರಿಂಗನ್ನು ಬರೀ ಬೋರಿನೊಳಗೆ ಇಳಿಸಿ, ಪಿಸ್ಟನ್ ತಲೆಯಿಂದ ನೇರ ತಳ್ಳಿ, ತುದಿಗಳ ಸಂದಿಗೆ ಫೀಲರ್ ಗೇಜ್ ಹಾಕಿ. 0.25 ಮಿ.ಮೀ. ಹೋಗಬೇಕು. ಹೋಗದಿದ್ದರೆ ತುದಿಯನ್ನು ಸಣ್ಣ ಅರದಿಂದ ಸವರಿ. ಬೋರ್ ಆದ ಮೇಲೆ ಪೋರ್ಟುಗಳ ಅಂಚು ಚಾಕುವಿನಂತಿರುತ್ತದೆ, ಅದನ್ನು ಮೊಂಡು ಮಾಡದಿದ್ದರೆ ರಿಂಗು ಸಿಕ್ಕಿಕೊಂಡು ಮುರಿಯುತ್ತದೆ. ಬ್ಲಾಕನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೆಗೆದರೆ ಸಾಲದು. ಹೋನಿಂಗ್ ಕಲ್ಲಿನ ಪುಡಿ ಕಬ್ಬಿಣದ ರಂಧ್ರಗಳಲ್ಲೇ ಕೂತಿರುತ್ತದೆ. ಬಿಸಿನೀರು, ಪಾತ್ರೆ ಸೋಪು, ಬ್ರಷ್ ಹಾಕಿ ತಿಕ್ಕಿ, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆ ಬೆಳ್ಳಗೇ ಬರುವ ತನಕ ಮುಂದುವರಿಸಿ. ಕೂಡಲೇ ಆಯಿಲ್ ಹಚ್ಚಿ.

ಗಾಳಿ ಎಳೆಯುವುದು ಎರಡು ಕಡೆ. ಒಂದು, ಕಾರ್ಬೊರೇಟರ್ ಫ್ಲ್ಯಾಂಜ್. ವರ್ಷಗಟ್ಟಲೆ ಬಿಗಿದು ಬಿಗಿದು ಅದು ಬಿಲ್ಲಿನಂತೆ ಬಾಗಿರುತ್ತದೆ. ಗಾಜಿನ ಮೇಲೆ 400 ನಂಬರ್ ಎಮರಿ ಇಟ್ಟು ಉಜ್ಜಿ ಸಪಾಟು ಮಾಡಿ. ಇನ್ನೊಂದು, ಕ್ರ್ಯಾಂಕಿನ ಆಯಿಲ್ ಸೀಲುಗಳು. ಎಡಗಡೆ ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲನ್ನೇ ಎಳೆದು ಸುಟ್ಟು ಬಿಳಿ ಹೊಗೆ ಕಾರುತ್ತದೆ, ಗೇರ್‌ಬಾಕ್ಸಿನ ಮಟ್ಟ ಇಳಿಯುತ್ತದೆ, ಮಾಲೀಕರಿಗೆ ಗೊತ್ತಾಗುತ್ತದೆ. ಬಲಗಡೆ ಡೈನಮೋ ಬದಿಯದು ಹೋದರೆ ಹೊಗೆಯೂ ಇಲ್ಲ, ಸೋರಿಕೆಯೂ ಇಲ್ಲ. ಥ್ರಾಟಲ್ ಬಿಟ್ಟರೂ ಇಂಜಿನ್ ವೇಗ ಬೇಗ ಇಳಿಯುವುದಿಲ್ಲ, ಅಷ್ಟೇ ಸುಳಿವು. ಬ್ಲಾಕ್ ಬಿಚ್ಚಿದ್ದಾಗಲೇ ಎರಡೂ ಸೀಲ್ ಹೊಸದು ಹಾಕಿಸುವುದೇ ಸರಿ.

ಆಯಿಲ್ ಲೆಕ್ಕ: ಮೊದಲ 500 ಕಿಲೋಮೀಟರಿಗೆ ಲೀಟರಿಗೆ 50 ಮಿಲಿ, ಆಮೇಲೆ 40 ಮಿಲಿ. ಟ್ಯಾಂಕಿಗೆ ನೇರ ಸುರಿಯದೆ ಬಾಟಲಿಯಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಬೆರೆಸಿ ಕುಲುಕಿ ಹಾಕಿ. ಆ 500 ಕಿಲೋಮೀಟರ್ ಹೈವೇ ಬೇಡ. ಕೊಂಡಜ್ಜಿ, ಸಂತೇಬೆನ್ನೂರು ಕಡೆಯ ಊರ ರಸ್ತೆ ಒಳ್ಳೆಯದು. ಗಂಟೆಗೆ 50 ಕಿ.ಮೀ. ದಾಟಬೇಡಿ, ಒಂದೇ ವೇಗದಲ್ಲೂ ಹಿಡಿಯಬೇಡಿ, 15–20 ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಆರಲು ಬಿಡಿ. ಉದ್ದ ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಇಂಜಿನ್ ತಡೆಯ ಮೇಲೆ ಇಳಿಸಿದರೆ ಟೂ ಸ್ಟ್ರೋಕಿಗೆ ಅದೇ ಅಪಾಯ. ಪೆಟ್ರೋಲ್ ನಿಂತರೆ ಅದರೊಳಗಿನ ಆಯಿಲೂ ನಿಂತಿತು. ಕ್ಲಚ್ ಹಿಡಿಯಿರಿ, ಅಥವಾ ನಡುನಡುವೆ ಒಂದಿಷ್ಟು ಥ್ರಾಟಲ್ ಕೊಡಿ.

ಪ್ರಶ್ನೆ: ಹಳೇ ಬುಲೆಟ್ 350 ಕಿಕ್ ತಿರುಗಿ ಹೊಡೆಯುತ್ತದೆ. ಪಾದ ಊದಿಕೊಂಡು ಒಂದು ವಾರ ಕೂತಿದ್ದೆ. ಬಿಸಿಯಾದ ಮೇಲೆ ನಿಲ್ಲಿಸಿದರೆ ಸ್ಟಾರ್ಟೇ ಆಗುವುದಿಲ್ಲ.
— ಹಿರಿಯೂರಿನ ಓದುಗರು

ಉತ್ತರ: ಎರಡು ಬೇರೆ ಬೇರೆ ರೋಗ. ತಿರುಗಿ ಹೊಡೆಯುವುದು ಕಿಡಿ ಬೇಗ ಬರುತ್ತಿರುವುದರಿಂದ. ಬಿಸಿಯಲ್ಲಿ ಸ್ಟಾರ್ಟ್ ಆಗದಿರುವುದಕ್ಕೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ, ಆಮೇಲೆ ಕಾಯಿಲ್ ಮೇಲೆ. ಕಂಡೆನ್ಸರ್ ಸೋತಿದ್ದರೆ ಪಾಯಿಂಟಿನ (ಕಿಡಿ ಬರಿಸಲು ಕರೆಂಟು ಕಡಿಯುವ ಸ್ವಿಚ್ಚಿನ) ನಡುವೆ ದಪ್ಪ ನೀಲಿ ಕಿಡಿ ಹಾರುತ್ತದೆ, ಪಾಯಿಂಟ್ ಮುಖ ಸುಟ್ಟು ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಡ್ಡ ಏಳುತ್ತದೆ.

ಪಾಯಿಂಟ್ ಕವರ್ ತೆಗೆದು ಕೆಳಗಿರುವ ಆಟೋ ಅಡ್ವಾನ್ಸ್ ತೂಕಗಳನ್ನು ಬೆರಳಲ್ಲಿ ತಿರುಗಿಸಿ ಬಿಡಿ. ಸ್ಪ್ರಿಂಗ್ ಅದನ್ನು ಟಕ್ಕೆಂದು ಹಿಂದಕ್ಕೆ ಎಳೆಯಬೇಕು. ತುಕ್ಕು ಹಿಡಿದು ಅಲ್ಲೇ ನಿಂತರೆ ಕಿಕ್ ಹೊಡೆಯುವಾಗಲೂ ಟೈಮಿಂಗ್ ಮುಂದೆಯೇ ಇರುತ್ತದೆ, ನಿಮ್ಮ ಪಾದ ಊದಿದ್ದಕ್ಕೆ ಬಹುಪಾಲು ಇದೇ ಕಾರಣ. ಬಿಚ್ಚಿ ತೊಳೆದು ಪಿವಟ್ಟಿಗೆ ಒಂದು ಹನಿ ಆಯಿಲ್ ಹಾಕಿ.

ಆಮೇಲೆ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇಡಿ. ಗ್ಯಾಪ್ ಇಟ್ಟ ಮೇಲೇ ಟೈಮಿಂಗ್. ಅದಲುಬದಲು ಮಾಡಿದರೆ ಗ್ಯಾಪ್ ಬದಲಾದಾಗ ಟೈಮಿಂಗೂ ಬದಲಾಗಿಬಿಡುತ್ತದೆ. ಅಡ್ವಾನ್ಸ್ ತೂಕ ಹಿಂದಕ್ಕಿರುವಾಗ, ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ತುದಿ ಮುಟ್ಟಲು 0.8 ಮಿ.ಮೀ. ಇರುವಾಗ ಪಾಯಿಂಟ್ ಬಿಡಿಸಬೇಕು. ಸಿಗರೇಟ್ ಪ್ಯಾಕಿನ ತೆಳು ಪಾರದರ್ಶಕ ಹಾಳೆಯ ಚೂರನ್ನು ಪಾಯಿಂಟ್ ನಡುವೆ ಸಿಕ್ಕಿಸಿ ಮೆಲ್ಲನೆ ಎಳೆಯುತ್ತಾ ಇಂಜಿನ್ ತಿರುಗಿಸಿ. ಹಾಳೆ ಜಾರಿ ಕೈಗೆ ಬಂದ ಕ್ಷಣವೇ ಪಾಯಿಂಟ್ ಬಿಡಿಸಿದ ಕ್ಷಣ. ಬೇಗ ಬಿಟ್ಟರೆ ಕ್ಲ್ಯಾಂಪ್ ಸಡಿಲಿಸಿ ಪಾಯಿಂಟ್ ಹೌಸಿಂಗನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ನೋಡಿ.

ಟ್ಯಾಪೆಟ್ (ವಾಲ್ವಿನ ಸಂದು) ಇಂಜಿನ್ ತಣ್ಣಗಿರುವಾಗಲೇ ನೋಡಬೇಕು. ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

ಕಿಕ್ ಹೊಡೆಯುವ ಕ್ರಮವೂ ಮುಖ್ಯ. ಕೀ ಆನ್ ಮಾಡಿ ಕಿಕ್ಕನ್ನು ಮೆಲ್ಲಗೆ ಒತ್ತಿ. ಆಂಪಿಯರ್ ಮುಳ್ಳು ಎಡಕ್ಕೂ ನಡುವಿಗೂ ಆಡುತ್ತದೆ. ಗಟ್ಟಿ ಸಿಕ್ಕಿದ ಕಡೆ ನಿಲ್ಲಿಸಿ, ಡಿಕಂಪ್ರೆಸರ್ (ಇಂಜಿನ್ ಒಳಗಿನ ಒತ್ತಡ ಬಿಡುವ ಲಿವರ್) ಎಳೆದು ಮುಳ್ಳು ನಡುವಿಗೆ ಬರುವ ತನಕ ಮಾತ್ರ ಇನ್ನೊಂದು ಚೂರು ಇಳಿಸಿ. ಡಿಕಂಪ್ರೆಸರ್ ಬಿಡಿ, ಕಿಕ್ ಮೇಲಕ್ಕೆ ಬರಲಿ, ಆಮೇಲೆ ಒಂದೇ ಸಲ ತಳದ ತನಕ ಒದೆಯಿರಿ. ಅರ್ಧಕ್ಕೆ ಕಾಲು ಹಿಂದೆಗೆದವರಿಗೇ ಅದು ತಿರುಗಿ ಹೊಡೆಯುವುದು. ಚಪ್ಪಲಿಯಲ್ಲಿ ಬೇಡ, ಶೂ ಹಾಕಿ.

ಪ್ರಶ್ನೆ: ಗಡಿಯಾಚೆ ಆಂಧ್ರದಲ್ಲಿ ಒಂದು ರಾಜದೂತ್ ಒಳ್ಳೆಯ ಬೆಲೆಗೆ ಬಂದಿದೆ. ಆರ್‌ಸಿ ಕಳೆದಿದೆಯಂತೆ. ತರಬಹುದೇ?
— ಮೊಳಕಾಲ್ಮೂರಿನ ಓದುಗರು

ಉತ್ತರ: ಮಾರುವವರು ಫಾರಂ 26 ಹಾಕಿ ಡೂಪ್ಲಿಕೇಟ್ ಆರ್‌ಸಿ ತೆಗೆಸಿ, ಫಾರಂ 28ರಲ್ಲಿ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಪಡೆದು ಕೈಗೆ ಕೊಟ್ಟರೆ ಮಾತ್ರ ದುಡ್ಡು ಕೊಡಿ. ‘ಗಾಡಿ ಒಯ್ಯಿರಿ, ಕಾಗದ ಆಮೇಲೆ ಕಳಿಸ್ತೀವಿ’ ಅನ್ನುವ ಮಾತಿಗೆ ಬೆಲೆಯಿಲ್ಲ. ಆರ್‌ಸಿ ಇಲ್ಲದ್ದು ಗಾಡಿಯಲ್ಲ, ಬಿಡಿಭಾಗಗಳ ಗಂಟು, ಅದಕ್ಕೆ ಗುಜರಿ ಬೆಲೆಯೇ ಸರಿ. ಕಾಗದ ಸಿಕ್ಕರೆ ಇಲ್ಲಿ ಫಾರಂ 29, 30ರ ಜೊತೆಗೆ ಹೊಸ ನಂಬರಿಗೆ ಫಾರಂ 27 ಹಾಕಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಪ್ರಶ್ನೆ: ಜಾವಾದ 6 ವೋಲ್ಟ್ ಹೆಡ್‌ಲೈಟ್ ದೀಪದ ಬುಡ್ಡಿಯಷ್ಟೇ. 12 ವೋಲ್ಟ್‌ಗೆ ಬದಲಿಸಲೇ?
— ಹೊಳಲ್ಕೆರೆಯ ಓದುಗರು

ಉತ್ತರ: ಅದಕ್ಕೂ ಮೊದಲು ವೈರಿಂಗ್ ನೋಡಿ. 25 ವ್ಯಾಟ್ ಬಲ್ಬು 6 ವೋಲ್ಟಿನಲ್ಲಿ 4 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ತುಕ್ಕು ಹಿಡಿದ ಅರ್ಥ್ ಬೋಲ್ಟು, ಸಡಿಲ ಸ್ವಿಚ್ಚು ಸೇರಿ 0.2 ಓಮ್ ತಡೆ ಇದ್ದರೂ 0.8 ವೋಲ್ಟ್ ದಾರಿಯಲ್ಲೇ ಖರ್ಚು. 6ರಲ್ಲಿ ಅಷ್ಟು ಹೋದರೆ ಬೆಳಕು ಮೂರನೇ ಎರಡು ಪಾಲಿಗಿಂತಲೂ ಕಡಿಮೆ ಆಗುತ್ತದೆ. ಬ್ಯಾಟರಿಯ ಅರ್ಥ್, ಇಂಜಿನ್ ಅರ್ಥ್, ಹೆಡ್‌ಲೈಟ್ ಡೂಮಿನ ಅರ್ಥ್ ಮೂರನ್ನೂ ಪೇಂಟ್ ಕೆರೆದು ಬರೀ ಕಬ್ಬಿಣಕ್ಕೆ ಬಿಗಿಯಿರಿ. ಹೆಡ್‌ಲೈಟಿಗೆ 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆಯಿರಿ, ರಿಫ್ಲೆಕ್ಟರ್ ಕಪ್ಪಾಗಿದ್ದರೆ ಪಾಲಿಶ್ ಮಾಡಿಸಿ. ಇಷ್ಟರಲ್ಲೇ ಎಷ್ಟೋ ಗಾಡಿಗಳು ಸರಿಹೋಗುತ್ತವೆ. 6 ವೋಲ್ಟಿನ ಎಲ್‌ಇಡಿ ಹಾಕುವುದಾದರೆ ನಿಮ್ಮ ಬ್ಯಾಟರಿಯ ಯಾವ ತುದಿ ಅರ್ಥ್ ಆಗಿದೆ ನೋಡಿಕೊಳ್ಳಿ, ಉಲ್ಟಾ ಕೊಟ್ಟರೆ ಉರಿಯುವುದಿಲ್ಲ.

ಪ್ರಶ್ನೆ: ಟೂ ಸ್ಟ್ರೋಕ್ ಗಾಡಿ ಹೊಗೆ ತಪಾಸಣೆಯಲ್ಲಿ ಫೇಲ್ ಆಗುತ್ತಿದೆ.
— ಚನ್ನಗಿರಿಯ ಓದುಗರು

ಉತ್ತರ: 2000ದ ಮಾರ್ಚ್ 31ರ ತನಕ ತಯಾರಾದ ಬೈಕಿಗೆ ಮಿತಿ ಕಾರ್ಬನ್ ಮಾನಾಕ್ಸೈಡ್ ಶೇ. 4.5, ಹೈಡ್ರೋಕಾರ್ಬನ್ 9,000 ಪಿಪಿಎಂ. ಅದರ ನಂತರದ ಟೂ ಸ್ಟ್ರೋಕಿಗೆ 3.5 ಮತ್ತು 6,000. ಕೇಂದ್ರದವರು ಹೊಸ ಗಾಡಿಯ ಮಿತಿ ಒತ್ತಿ ನಿಮ್ಮದನ್ನು ಫೇಲ್ ಮಾಡಿರಬಹುದು, ತಯಾರಿಕೆಯ ವರ್ಷ ಸರಿ ಹಾಕಿದ್ದಾರೆಯೇ ಮೊದಲು ನೋಡಿ. ಹತ್ತು ಕಿಲೋಮೀಟರ್ ಓಡಿಸಿ ಇಂಜಿನ್ ಬಿಸಿ ಇರುವಾಗಲೇ ಹೋಗಿ, ಚಾಕ್ ಪೂರ್ತಿ ಬಿಟ್ಟಿರಲಿ. ಸೈಲೆನ್ಸರಿನ ಒಳಗಿನ ಬ್ಯಾಫಲ್ ಎಳೆದು ತೆಗೆದು, ಬಕೆಟ್ ನೀರಿಗೆ ಕಾಸ್ಟಿಕ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿದರೆ ಮಸಿ ಬಿಡುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಅಲ್ಯೂಮಿನಿಯಂ ಭಾಗ ಯಾವುದನ್ನೂ ಅದರಲ್ಲಿ ಅದ್ದಬೇಡಿ, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ.